ಕ್ಯಾಮೆರಾ ಇಲ್ಲದ ಮೊದಲ ವರ್ಷ

ಮಣಿನಗರ ರೈಲು ನಿಲ್ದಾಣದಿಂದ ಐದು ನಿಮಿಷ ನಡೆದರೆ ಸಿಗುವ ಪುಟ್ಟ ಇಡ್ಲಿ-ದೋಸೆ ಅಂಗಡಿ. ಅದರ ಗಲ್ಲಾಪೆಟ್ಟಿಗೆಯ ಮೇಲೆ ಆ ದಿನ ಒಂದು ಹಾಳೆ ಇತ್ತು. ಮಗಳು ಸೇರಿದ ವಿಶ್ವವಿದ್ಯಾಲಯ, ಫೋಟೋಗ್ರಫಿ ಪದವಿಯ ಮೊದಲ ವರ್ಷಕ್ಕೆ ಬೇಕಾದ ಸಾಮಾನುಗಳನ್ನು ಬರೆದು ಕಳಿಸಿದ್ದ ಪಟ್ಟಿ ಅದು. ಎಚ್‌ಬಿ, 2ಬಿ, 6ಬಿ ಪೆನ್ಸಿಲ್‌ಗಳು, ಇದ್ದಿಲ ಕಡ್ಡಿ, ದೊಡ್ಡ ಅಳತೆಯ ಹಾಳೆಗಳು, ಪೋಸ್ಟರ್ ಬಣ್ಣ, ಕಟ್ಟರ್, ಉಕ್ಕಿನ ಸ್ಕೇಲು, ಜೇಡಿಮಣ್ಣು. ಅಪ್ಪ ಎರಡು ಸಲ ಓದಿದರು. ಆಮೇಲೆ ಹಾಳೆ ತಿರುಗಿಸಿ ಹಿಂಬದಿ ನೋಡಿದರು. ಅಲ್ಲೂ ಕ್ಯಾಮೆರಾ ಇರಲಿಲ್ಲ.

'ಕ್ಯಾಮೆರಾ ಯಾವಾಗ?' ಎಂದು ಕೇಳಿದರು.

'ಎರಡನೇ ವರ್ಷ. ಮೊದಲನೇದು ಫೌಂಡೇಶನ್.'

ಅಪ್ಪನಿಗೆ ಗೊತ್ತಿದ್ದ ಫೌಂಡೇಶನ್ ಅಂದರೆ ಮನೆಯ ಅಡಿಪಾಯ. ಅದಕ್ಕೆ ಸುರಿದ ದುಡ್ಡು ಮಣ್ಣಿನ ಕೆಳಗೆ ಹೋಗುತ್ತದೆ, ಯಾರ ಕಣ್ಣಿಗೂ ಕಾಣುವುದಿಲ್ಲ. ಕುಂದಾಪುರದ ಕಡೆಯಿಂದ ಹದಿನೇಳನೇ ವಯಸ್ಸಿಗೆ ಗುಜರಾತಿಗೆ ಬಂದು, ಬೇರೆಯವರ ಹೋಟೆಲಿನಲ್ಲಿ ಹಿಟ್ಟು ರುಬ್ಬಿ, ಆಮೇಲೆ ತಮ್ಮದೇ ಅಂಗಡಿ ಇಟ್ಟವರು ಅವರು. ಮೊದಲ ವರ್ಷದ ಫೀಸಿಗೆ ಅಮ್ಮನ ಎರಡು ಬಳೆ ಅಡವಿಗೆ ಹೋಗಿದ್ದವು. ಕ್ಯಾಮೆರಾ ಕೊಳ್ಳಲೆಂದು ಬೇರೆಯಾಗಿ ತೆಗೆದಿಟ್ಟ ದುಡ್ಡು ಹಾಗೇ ಕಪಾಟಿನಲ್ಲಿ ಉಳಿಯಿತು.

ಸೂರತ್‌ನಲ್ಲಿದ್ದ ದೊಡ್ಡಪ್ಪ ಫೋನಿನಲ್ಲಿ ಹೇಳಿದ್ದು ಸುಳ್ಳೇನಲ್ಲ: ಮದುವೆ ಫೋಟೋ ತೆಗೆಯುವವರಿಗೆ ಯಾವ ಪದವಿ ಇದೆ? ಒಬ್ಬರ ಹಿಂದೆ ಆರು ತಿಂಗಳು ಲೈಟು ಹೊತ್ತರೆ ಕೆಲಸ ಬರುತ್ತದೆ. ಕನ್ನಡದ ಉದಾಹರಣೆಗಳೂ ಅವರ ಮಾತನ್ನೇ ಹೇಳುತ್ತವೆ. ಮೈಸೂರಿನ ಟಿ.ಎಸ್. ಸತ್ಯನ್ ಓದಿದ್ದು ಮಹಾರಾಜ ಕಾಲೇಜಿನಲ್ಲಿ ಬಿ.ಎ. ಕ್ಯಾಮೆರಾ ಕಲಿತದ್ದು ತಾವಾಗಿಯೇ. 1977ರಲ್ಲಿ ಪದ್ಮಶ್ರೀ ಬಂದದ್ದು ಫೋಟೋಗಳಿಗೇ ಹೊರತು ಸರ್ಟಿಫಿಕೇಟಿಗಲ್ಲ. ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿಚಿತ್ರಗಳ ಹಿಂದೆ ಇದ್ದದ್ದು ಕಾಡು ಮತ್ತು ತಾಳ್ಮೆ, ತರಗತಿಯಲ್ಲ. ಹಾಗಿರುವಾಗ ನಾಲ್ಕು ವರ್ಷದ ಪದವಿ, ಅದರಲ್ಲೂ ಮೊದಲ ವರ್ಷ ಕ್ಯಾಮೆರಾ ಮುಟ್ಟದ ಪದವಿ ಯಾಕೆ ಎಂಬ ಪ್ರಶ್ನೆಗೆ ಅವಳ ಹತ್ತಿರ ಉತ್ತರ ಇರಲಿಲ್ಲ.

ಉತ್ತರದ ಒಂದು ತುದಿ ಜರ್ಮನಿಯಲ್ಲಿದೆ. 1919ರಲ್ಲಿ ವೈಮಾರ್‌ನಲ್ಲಿ ಶುರುವಾದ ಬೌಹೌಸ್ ಶಾಲೆಯಲ್ಲಿ ಯೊಹಾನೆಸ್ ಇಟೆನ್ ಒಂದು ಪೂರ್ವಭಾವಿ ತರಗತಿ ನಡೆಸುತ್ತಿದ್ದರು. ಬಡಗಿಯಾಗುವವನಿರಲಿ, ನೇಕಾರಳಾಗುವವಳಿರಲಿ, ಎಲ್ಲರೂ ಮೊದಲು ಮರ, ಗಾಜು, ಬಟ್ಟೆ, ಬಣ್ಣ, ನೆರಳು ಇವುಗಳನ್ನು ಕೈಯಲ್ಲಿ ಹಿಡಿದು ತಿಳಿಯಬೇಕು. ಅದೇ ಶಾಲೆಯಲ್ಲಿ ಫೋಟೋಗ್ರಫಿಗೆಂದು ಪ್ರತ್ಯೇಕ ಪಾಠ ಬಂದದ್ದು 1929ರಲ್ಲಿ. ಅಡಿಪಾಯ ಮೊದಲು, ಕ್ಯಾಮೆರಾ ಹತ್ತು ವರ್ಷದ ನಂತರ!

ಇನ್ನೊಂದು ತುದಿ ಮಣಿನಗರಕ್ಕೆ ಬಹಳ ಹತ್ತಿರ. ಕಾಂಕರಿಯಾ ಕೆರೆ ದಾಟಿ, ಜಮಾಲ್‌ಪುರದ ಹೂವಿನ ಮಾರುಕಟ್ಟೆಯ ಪಕ್ಕದಿಂದ ಸರ್ದಾರ್ ಸೇತುವೆ ಹತ್ತಿದರೆ ಸಾಬರಮತಿಯ ಆಚೆ ದಡದ ಪಾಲ್ಡಿಯಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಎಲ್ಲರ ಬಾಯಲ್ಲಿ ಎನ್‌ಐಡಿ, ಇದೆ. 1961ರಲ್ಲಿ ಅದು ಹುಟ್ಟಲು ಕಾರಣವಾದದ್ದು ಚಾರ್ಲ್ಸ್ ಮತ್ತು ರೇ ಈಮ್ಸ್ ಎಂಬ ಅಮೆರಿಕದ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿ. ದೇಶವೆಲ್ಲ ಸುತ್ತಿ ಬಂದ ಅವರು ತಾವು ಕಂಡ ವಸ್ತುಗಳಲ್ಲೆಲ್ಲ ಅತಿ ಸುಂದರವಾದದ್ದು ಎಂದು ಆರಿಸಿದ್ದು ಲೋಟಾವನ್ನು, ಅಂದರೆ ನಮ್ಮ ತಂಬಿಗೆಯನ್ನು. ಅದು ಎಷ್ಟು ನೀರು ಹಿಡಿಯಬೇಕು, ಹೊರುವುದು ಹೇಗೆ, ಸುರಿಯುವುದು ಹೇಗೆ, ತುಂಬಿದಾಗ ಮತ್ತು ಖಾಲಿಯಾದಾಗ ತೂಕ ಎಲ್ಲಿ ನಿಲ್ಲುತ್ತದೆ ಎಂದು ಒಂದೊಂದಾಗಿ ಪ್ರಶ್ನೆ ಹಾಕಿಕೊಂಡರು. ಎನ್‌ಐಡಿಯ ಪದವಿ ಓದಿನಲ್ಲಿ ಮೊದಲ ವರ್ಷ ಎಲ್ಲರಿಗೂ ಫೌಂಡೇಶನ್. ಫೋಟೋಗ್ರಫಿ ಅಲ್ಲಿ ಸ್ನಾತಕೋತ್ತರ ಹಂತದ ವಿಷಯ, ಅದೂ ಗಾಂಧಿನಗರದ ಆವರಣದಲ್ಲಿ. ದೇಶದ ಅನೇಕ ವಿನ್ಯಾಸ ಶಾಲೆಗಳು ಈ ಕ್ರಮವನ್ನು ತಮ್ಮದಾಗಿಸಿಕೊಂಡಿವೆ. ಅವಳು ಸೇರಿದ್ದು ಅಂಥ ಒಂದಕ್ಕೆ.

ಆಗಸ್ಟಿನಲ್ಲಿ ಅವಳಿಗೆ ಕೊಟ್ಟ ಕೆಲಸವೂ ತಂಬಿಗೆಯೇ. ಮನೆಯಲ್ಲಿ ದಿನವೂ ಬಳಸುವ ಒಂದು ವಸ್ತುವನ್ನು ಮೂವತ್ತು ಸಲ ಬರೆದು ತರಬೇಕು. ಊರಿನಿಂದ ಬಂದ ಹಿತ್ತಾಳೆಯ ತಂಬಿಗೆಯನ್ನು ಮೇಜಿನ ಮೇಲಿಟ್ಟು ಬರೆಯತೊಡಗಿದಳು. ಹತ್ತನೆಯದರ ಹೊತ್ತಿಗೆ ಬೇಸರ. ಹದಿನೆಂಟನೆಯದರ ಹೊತ್ತಿಗೆ, ಕಾಲೇಜು ಬಿಟ್ಟು ಬಿ.ಕಾಂ. ಸೇರುತ್ತೇನೆ ಎಂದು ಅಮ್ಮನ ಹತ್ತಿರ ಹೇಳಿದಳು. ಫೋನಿನಲ್ಲಿ ಒಂದು ಕ್ಲಿಕ್ಕಿಗೆ ಮುಗಿಯುವುದಕ್ಕೆ ಇಷ್ಟು ರಗಳೆ ಯಾಕೆ?

ರಾತ್ರಿ ಅಂಗಡಿ ಮುಚ್ಚಿ ಬಂದ ಅಪ್ಪ ನೆಲದ ಮೇಲೆ ಹರಡಿದ್ದ ಚಿತ್ರಗಳನ್ನು ನೋಡುತ್ತ ನಿಂತರು. ಒಂದನ್ನು ಎತ್ತಿಕೊಂಡು, 'ಇದರಲ್ಲಿ ನೀರು ತರಲಿಕ್ಕೆ ಆಗುವುದಿಲ್ಲ' ಎಂದರು. ಕುತ್ತಿಗೆ ಉದ್ದವಾಯಿತು, ಬಾಯಿಯ ಅಂಚು ಸಾಲದು, ಬೆರಳು ಸಿಕ್ಕಿಸಿ ಎತ್ತಿದರೆ ಜಾರುತ್ತದೆ. ನಿಜವಾದ ತಂಬಿಗೆಯನ್ನು ಅಂಚಿನ ಕೆಳಗೆ ಬೆರಳು ಕೊಟ್ಟು ಎತ್ತಿ ತೋರಿಸಿದರು. ಅವಳು ಹದಿನೆಂಟು ಸಲ ಬರೆದಿದ್ದಳು. ಆ ಅಂಚು ಇರುವುದು ಬೆರಳಿಗಾಗಿ ಎಂದು ಒಂದು ಸಲವೂ ಕಂಡಿರಲಿಲ್ಲ. ಹತ್ತೊಂಬತ್ತನೆಯದನ್ನು ಬರೆಯುವ ಮೊದಲು ತಂಬಿಗೆಗೆ ನೀರು ತುಂಬಿದಳು.

ಡಿಸೆಂಬರಿನಲ್ಲಿ ಕೊನೆಗೂ ಒಂದು ಕ್ಯಾಮೆರಾ ಬಂತು, ಚಪ್ಪಲಿಯ ರಟ್ಟಿನ ಡಬ್ಬಿಯ ರೂಪದಲ್ಲಿ. ಒಳಗೆಲ್ಲ ಕಪ್ಪು ಬಣ್ಣ, ಒಂದು ಬದಿಗೆ ತಗಡಿನ ಚೂರು, ಅದರಲ್ಲಿ ಸೂಜಿಯಿಂದ ಚುಚ್ಚಿದ ತೂತು, ಎದುರು ಬದಿಗೆ ಅಂಟಿಸಿದ ಫೋಟೋ ಕಾಗದ. ಪಿನ್‌ಹೋಲ್ ಕ್ಯಾಮೆರಾ. ಲೆನ್ಸ್ ಇಲ್ಲ, ಗುಂಡಿ ಇಲ್ಲ. ಬೆಳಕು ಒಳಗೆ ಬಿಡಲು ತೂತಿನ ಮೇಲಿನ ಕಪ್ಪು ಟೇಪು ತೆಗೆಯಬೇಕು, ಮನಸ್ಸಿನಲ್ಲಿ ಎಣಿಸಿ ಮತ್ತೆ ಅಂಟಿಸಬೇಕು. ಒಳಗೆ ಒಂದೇ ಕಾಗದ. ಇನ್ನೊಂದು ಹಾಕಲು ಕಾಲೇಜಿನ ಕತ್ತಲೆಕೋಣೆಗೇ, ಅಲ್ಲಿಯ ಕೆಂಪು ದೀಪದ ಕೆಳಗೇ ಹೋಗಬೇಕು. ಒಂದು ಬಸ್ ಪ್ರಯಾಣಕ್ಕೆ ಒಂದು ಫೋಟೋ.

ಭಾನುವಾರದ ಸಂಜೆ ಕಾಂಕರಿಯಾದ ದಂಡೆಯಲ್ಲಿ ಜಾತ್ರೆಯಂಥ ಜನ. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಮೇಲೆ ಕಲ್ಲು ಹೇರಿ, ಟೇಪು ತೆಗೆದು ಹಲವು ನಿಮಿಷ ಕಾದಳು. ಮಕ್ಕಳು, ಬಲೂನಿನವರು, ಜೋಡಿಗಳು ಎದುರಿನಿಂದ ಹಾದುಹೋದರು. ಮರುದಿನ ರಾಸಾಯನಿಕದ ತಟ್ಟೆಯಲ್ಲಿ ಮೂಡಿದ ಚಿತ್ರದಲ್ಲಿ ಕಟ್ಟೆ ಇತ್ತು, ಮರ ಇತ್ತು, ಬೆಂಚಿನ ಮೇಲೆ ಮಲಗಿದ್ದ ಒಬ್ಬ ಮನುಷ್ಯನಿದ್ದ. ಬೇರೆ ಯಾರೂ ಇರಲಿಲ್ಲ. ನಡೆದವರ ಗುರುತು ಕಾಗದದ ಮೇಲೆ ನಿಲ್ಲುವಷ್ಟು ಹೊತ್ತು ಯಾರೂ ಒಂದೆಡೆ ಇರಲಿಲ್ಲ. ಫೋಟೋ ಇದ್ದದ್ದನ್ನೆಲ್ಲ ಹಿಡಿಯುತ್ತದೆ ಎಂಬ ಅವಳ ನಂಬಿಕೆ ಅಲ್ಲಿಗೆ ಮುಗಿಯಿತು. ಎಷ್ಟು ಹೊತ್ತು ತೆರೆದಿಡುತ್ತೇವೆ ಎಂಬುದೇ ಯಾರು ಉಳಿಯಬೇಕು, ಯಾರು ಅಳಿಯಬೇಕು ಎಂದು ತೀರ್ಮಾನಿಸುತ್ತದೆ.

ಆ ಚಳಿಗಾಲದಲ್ಲೇ ಗ್ರಂಥಾಲಯದಲ್ಲಿ ಜ್ಯೋತಿ ಭಟ್ ಅವರ ಚಿತ್ರಗಳು ಸಿಕ್ಕವು. 1934ರಲ್ಲಿ ಭಾವನಗರದಲ್ಲಿ ಹುಟ್ಟಿದ ಅವರು ವಡೋದರದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ ಕಲಿತದ್ದು ಚಿತ್ರಕಲೆ, ಮುಂದೆ ಅಲ್ಲೇ ಮೇಷ್ಟ್ರಾದರು. 1960ರ ದಶಕದ ಕೊನೆಯಲ್ಲಿ ಗುಜರಾತಿನ ಹಳ್ಳಿಗಳ ಜನಪದ ಕಲೆಯನ್ನು ಫೋಟೋದಲ್ಲಿ ದಾಖಲಿಸಲು ಹೊರಟವರು ದಶಕಗಳ ಕಾಲ ನಿಲ್ಲಿಸಲಿಲ್ಲ. ಮಣ್ಣಿನ ಗೋಡೆಯ ಚಿತ್ತಾರ, ಅಂಗಳದ ರಂಗೋಲಿ, ಅವನ್ನು ಬರೆದ ಹೆಂಗಸರು. ಚಿತ್ತಾರವನ್ನಷ್ಟೇ ತುಂಬಿಸಿಕೊಳ್ಳದೆ ಅದು ಇರುವ ಮನೆಯನ್ನೂ ಮನುಷ್ಯರನ್ನೂ ಚೌಕಟ್ಟಿನೊಳಗೆ ತಂದ ಫೋಟೋಗಳವು. ಗೆರೆ ಎಳೆದು ಪಳಗಿದ ಕೈ ಕ್ಯಾಮೆರಾ ಹಿಡಿದರೆ ಏನಾಗುತ್ತದೆ ಎಂದು ಅವಳು ಅಲ್ಲಿ ನೋಡಿದಳು.

ಫೌಂಡೇಶನ್ ಎಲ್ಲರಿಗೂ ಒಗ್ಗುವುದಿಲ್ಲ. ಅವಳ ತರಗತಿಯಲ್ಲೇ ಇಬ್ಬರು ನಡುವೆ ಬಿಟ್ಟುಹೋದರು. ಅವರಲ್ಲಿ ಒಬ್ಬ ಈಗ ಮದುವೆ ಫೋಟೋ ತೆಗೆದು ಚೆನ್ನಾಗಿಯೇ ದುಡಿಯುತ್ತಿದ್ದಾನೆ. ದುಡ್ಡಿದ್ದ ಮನೆಗಳಿಗೆ ಒಂದು ವರ್ಷ ಕಾಯುವುದು ಸುಲಭ. ಬಳೆ ಅಡವಿಟ್ಟ ಮನೆಗೆ ಅದರ ಪ್ರತಿ ತಿಂಗಳಿಗೂ ಬಡ್ಡಿ ಇದೆ. ಈ ಲೆಕ್ಕವನ್ನು ಯಾವ ಪಠ್ಯಕ್ರಮವೂ ಬರೆಯುವುದಿಲ್ಲ.

ಮೇ ತಿಂಗಳಲ್ಲಿ ಎರಡನೇ ವರ್ಷದ ಫೀಸಿನ ಮಾತು ಬಂತು. ಮೂರು ದಿನ ಯಾರೂ ಏನೂ ಹೇಳಲಿಲ್ಲ. ನಾಲ್ಕನೇ ದಿನ ಅಪ್ಪ ಅರ್ಧ ಫೀಸು ಕಟ್ಟಿದ ರಸೀದಿ ತಂದು ಗಲ್ಲಾಪೆಟ್ಟಿಗೆಯಲ್ಲಿಟ್ಟರು. ಉಳಿದರ್ಧಕ್ಕೆ ಗಡುವು ಕೇಳಿದ್ದರು. ಆಮೇಲೆ ಕಪಾಟಿನಿಂದ ಕ್ಯಾಮೆರಾದ ದುಡ್ಡು ತೆಗೆದು ಅವಳ ಕೈಗೆ ಕೊಟ್ಟರು.

'ತಂದ ಮೇಲೆ ಅಂಗಡಿಗೆ ಬಾ. ಮಧ್ಯಾಹ್ನ ಬರಬೇಡ, ಏನೂ ಇರುವುದಿಲ್ಲ. ಚಳಿಗಾಲದಲ್ಲಿ ಬೆಳಿಗ್ಗೆ ಏಳೂವರೆಗೆ ಗವಾಕ್ಷಿಯಿಂದ ಒಂದು ಬಿಸಿಲು ಒಳಗೆ ಬರುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಹಬೆಯಲ್ಲಿ ಕಾಣುತ್ತದೆ. ಹತ್ತು ನಿಮಿಷ ಅಷ್ಟೇ.'

ಹದಿನಾರು ವರ್ಷದಿಂದ ಆ ಅಂಗಡಿಗೆ ಅವಳು ಹೋಗಿ ಬರುತ್ತಿದ್ದಳು. ಅಲ್ಲಿ ಒಂದು ಗವಾಕ್ಷಿ ಇದೆ ಎಂದು ಅವಳಿಗೆ ಗೊತ್ತಿರಲಿಲ್ಲ.