ಎಪ್ಕಾಟ್‌ನಲ್ಲಿ ಕಂಡ ಎರಡು ನಾರ್ವೆಗಳು

ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಒರ್ಲಾಂಡೊ ನಗರದ ಸಮೀಪವಿರುವ ಎಪ್ಕಾಟ್ ಎಂಬ ಡಿಸ್ನಿ ವಿಹಾರೋದ್ಯಾನವು 1982ರಲ್ಲಿ ಪ್ರಾರಂಭವಾಯಿತು. ಅಲ್ಲಿನ ಸರೋವರದ ಸುತ್ತ ಹನ್ನೊಂದು ದೇಶಗಳ ಮಂಟಪಗಳಿವೆ. ಮಗನ ಮನೆಗೆಂದು ಹೋಗಿದ್ದ ನಾವು 2012ರಲ್ಲಿ ಅದನ್ನು ಮೊದಲ ಸಲ ಕಂಡೆವು. 2023ರಲ್ಲಿ ಮೊಮ್ಮಗಳೊಡನೆ ಮತ್ತೆ ಹೋಗುವ ಯೋಗ ಒದಗಿತು.

ಮೊದಲ ಸಲ ನಮ್ಮ ಮನ ಸೆಳೆದದ್ದು ನಾರ್ವೆಯ ಮಂಟಪ. ಮರದಿಂದ ಕಟ್ಟಿದ ಪ್ರಾಚೀನ ಗೋಲ್ ಚರ್ಚಿನ ಮಾದರಿಯನ್ನು ನೋಡಿಕೊಂಡು ‘ಮೇಲ್‌ಸ್ಟ್ರಾಮ್’ ಎಂಬ ದೋಣಿವಿಹಾರಕ್ಕೆ ಕುಳಿತೆವು. ವೈಕಿಂಗ್ ನಾವಿಕರು, ದೋಣಿಯನ್ನು ಹಿಮ್ಮುಖವಾಗಿ ಅಟ್ಟುವ ಟ್ರೋಲ್ ಎಂಬ ಮಾಯಾವಿಗಳು, ಉತ್ತರ ಸಮುದ್ರದ ಬಿರುಗಾಳಿಯಲ್ಲಿ ನಿಂತ ತೈಲಬಾವಿಯ ಅಟ್ಟಣೆ ಕಣ್ಣಮುಂದೆ ಹಾಯ್ದವು. ಇಳಿದ ಮೇಲೆ ಆ ನಾಡಿನ ಕಿರುಚಿತ್ರವೊಂದಿತ್ತು. ನಮ್ಮೊಡನೆ ಇಳಿದವರಲ್ಲಿ ಹೆಚ್ಚಿನವರು ಅದಕ್ಕೆ ನಿಲ್ಲದೆ ನಡೆದುಬಿಟ್ಟರು.

2013ರಲ್ಲಿ ತೆರೆಕಂಡ ‘ಫ್ರೋಜನ್’ ಎಂಬ ಅನಿಮೇಷನ್ ಚಿತ್ರವು ಜಗತ್ತಿನ ಮಕ್ಕಳ ಮನಗೆದ್ದಿತು. ಮರುವರ್ಷದ ಅಕ್ಟೋಬರಿನಲ್ಲಿ ಮೇಲ್‌ಸ್ಟ್ರಾಮ್ ಮುಚ್ಚಿತು. 2016ರ ಜೂನ್ ತಿಂಗಳಿನಲ್ಲಿ ಅದೇ ಕಾಲುವೆಯಲ್ಲಿ, ಅದೇ ದೋಣಿಗಳಲ್ಲಿ, ಎಲ್ಸಾ ಮತ್ತು ಆನಾ ಎಂಬ ಸೋದರಿಯರ ಕಥೆ ಆರಂಭವಾಯಿತು. ಅವರ ಅರೆಂಡೆಲ್ ರಾಜ್ಯವು ನಾರ್ವೆಯಿಂದ ಸ್ಫೂರ್ತಿ ಪಡೆದ ಕಲ್ಪನೆಯೇ ಹೊರತು ಭೂಪಟದಲ್ಲಿರುವ ನಾಡಲ್ಲ. ಮೆಕ್ಸಿಕೊ ಮಂಟಪದ ದೋಣಿವಿಹಾರಕ್ಕಂತೂ 2007ರಲ್ಲಿಯೇ ಡೊನಾಲ್ಡ್ ಬಾತುಕೋಳಿಯ ಪ್ರವೇಶವಾಗಿದ್ದಿತು.

ಎರಡನೆಯ ಸಲ ಸರದಿಯಲ್ಲಿ ಬಹಳ ಹೊತ್ತು ನಿಂತೆವು. ದೋಣಿ ಹಿಂದಕ್ಕೆ ಸರಿದಾಗ ನಮಗೆ ನೆನಪಾದವರು ಟ್ರೋಲ್‌ಗಳು. ಎದುರಿಗೆ ಹಾಡುತ್ತಿದ್ದವಳು ಎಲ್ಸಾ. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ನಾವು ಸುಮ್ಮನಿದ್ದೆವು. ಪಕ್ಕದ ಭೋಜನಶಾಲೆಗೆ ಓಸ್ಲೊ ನಗರದ ಆಕೆರ್ಸ್‌ಹುಸ್ ಕೋಟೆಯ ಹೆಸರು. ಅಲ್ಲಿ ಮೇಜಿನಿಂದ ಮೇಜಿಗೆ ಬಂದು ಮಾತನಾಡಿಸುವವರು ಮಾತ್ರ ಜರ್ಮನ್ ಕಥೆಯ ಸ್ನೋ ವೈಟ್‌ಳಂಥ ಚಿತ್ರಲೋಕದ ರಾಜಕುಮಾರಿಯರು. ಹೀಗಾದರೆ ನಾರ್ವೆಗೆ ಉಳಿದದ್ದೇನು ಎಂದು ಮನಸ್ಸು ನೊಂದಿತು.

ಹೊರಬರುವಾಗ ನಾರ್ವೆಯಿಂದಲೇ ಬಂದು ಅಲ್ಲಿ ಕೆಲಸ ಮಾಡುತ್ತಿದ್ದ ತರುಣಿಯೊಬ್ಬಳನ್ನು ಮೊಮ್ಮಗಳು, “ನಿಮ್ಮೂರಿನಲ್ಲಿ ಎಲ್ಸಾ ಇದ್ದಾಳೆಯೇ?” ಎಂದು ಕೇಳಿದಳು. ಆಕೆ ನಕ್ಕು, ಎಲ್ಸಾ ಇಲ್ಲವೆಂದೂ, ಬೆಟ್ಟಗಳ ನಡುವೆ ಕಡಲು ಒಳನುಗ್ಗಿದ ಫಿಯೋರ್ಡುಗಳಿವೆಯೆಂದೂ, ಉತ್ತರ ಭಾಗದಲ್ಲಿ ಬೇಸಿಗೆಯ ನಡುರಾತ್ರಿಯಲ್ಲಿಯೂ ಸೂರ್ಯ ಕಾಣುವನೆಂದೂ ಹೇಳಿದಳು. ಅಂದು ರಾತ್ರಿ ಮನೆಯಲ್ಲಿ, “ಅಜ್ಜಾ, ನಾರ್ವೆ ಎಲ್ಲಿದೆ, ತೋರಿಸು” ಎಂದು ಮಗು ಭೂಪಟ ತಂದು ಮುಂದಿಟ್ಟಳು.

ಕಿರುಚಿತ್ರಕ್ಕೆ ನಿಲ್ಲದೆ ನಡೆದುಹೋದವರು ಆಗ ನೆನಪಾದರು. ಹಿಂದಿನ ನಾರ್ವೆ ಮರೆಯಾಯಿತೆಂಬ ಕೊರಗು ನಮಗೆ ಇಂದಿಗೂ ಇದೆ. ಆದರೆ ಗೊಂಬೆಯ ಕೈಹಿಡಿದು ಬಾಗಿಲವರೆಗೆ ಬಂದ ಮಗುವನ್ನು ಒಳಗೆ ಕರೆದೊಯ್ಯುವ ಹೊಣೆ ಹಿರಿಯರಾದ ನಮ್ಮದೇ ಅಲ್ಲವೇ?