ಎರಡು ಮಗ್ಗುಲಿನ ಕೌದಿ

ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನ ದಡ್ಡಿಯ ಆ ಮನೆಯಲ್ಲಿ ಎರಡು ತೀರ್ಮಾನಗಳಾದವು. ಹುಡುಗಿ ಬೆಳಗಾವಿಯ ಹಾಸ್ಟೆಲಿನಲ್ಲಿದ್ದು ಪಿಯುಸಿ ವಿಜ್ಞಾನ ಓದಬೇಕೆಂಬುದು ಅಪ್ಪನ ತೀರ್ಮಾನ. ಹೋಗುವಾಗ ಮನೆಯ ಕೌದಿಯನ್ನೇ ಒಯ್ಯಬೇಕೆಂಬುದು ಅಜ್ಜಿಯದು. ಮೊದಲನೆಯದಕ್ಕೆ ಹುಡುಗಿ ಹಿಗ್ಗಿದಳು. ಎರಡನೆಯದಕ್ಕೆ ಮುಖ ಸಿಂಡರಿಸಿದಳು. ಜೊತೆಯ ಹುಡುಗಿಯರೆಲ್ಲ ಹೂವಿನ ಚಿತ್ರದ ಮೆತ್ತನೆಯ ಬ್ಲಾಂಕೆಟ್ ತರುವಾಗ ತಾನೊಬ್ಬಳು ತೇಪೆಯ ಗಂಟು ಹೊತ್ತು ಹೋಗುವುದೇ ಎಂಬುದು ಅವಳ ಸಂಕಟ.

ಹುಕ್ಕೇರಿ ತಾಲೂಕಿನ ದಡ್ಡಿ ಘಟಪ್ರಭಾ ನದಿಯ ಸೀಮೆಯ ಊರು. ಸಹ್ಯಾದ್ರಿಯಲ್ಲಿ ಹುಟ್ಟಿ ಬರುವ ಈ ನದಿ ಮುಂದೆ ಹಿಡಕಲ್ ಜಲಾಶಯವನ್ನು ತುಂಬಿಸಿ, ಗೋಕಾಕದ ಬಳಿ 52 ಮೀಟರು ಎತ್ತರದಿಂದ ಧುಮುಕುತ್ತದೆ. ಮಳೆಗಾಲದ ಥಂಡಿ ಗಾಳಿಗೆ ಇಲ್ಲಿ ಒಂದು ದುಪ್ಪಟಿ ಸಾಲದು. ಹಾಗಾಗಿ ಬಡವರಿರಲಿ, ಉಳ್ಳವರಿರಲಿ, ಕೌದಿ ಇಲ್ಲದ ಮನೆ ಇಲ್ಲಿ ಅಪರೂಪವಾಗಿತ್ತು. ಹಳೆಯ ಇಳಕಲ್ ಸೀರೆ, ಸವೆದ ಧೋತರ, ಚಿಕ್ಕದಾದ ಅಂಗಿ, ಕುಪ್ಪಸದ ಕಣದ ಚೂರು ಎಲ್ಲವೂ ಕಡೆಗೆ ಬಂದು ಸೇರುವುದು ಕೌದಿಗೆ. ಬೇಸಿಗೆಗೆ ಅದೇ ಹಾಸಿಗೆ, ಚಳಿಗೆ ಅದೇ ಹೊದಿಕೆ. ಕೂಸು ಹುಟ್ಟಿದರೆ ತೊಟ್ಟಿಲಿಗೊಂದು ಪುಟ್ಟ ಕೌದಿ.

ಅಜ್ಜಿ ತನ್ನ ಕಾಲದಲ್ಲಿ ಹತ್ತಾರು ಕೌದಿ ಹೊಲಿದವಳು. ಆದರೆ ಈಗ ಕಣ್ಣಿನ ಪೊರೆ ತೆಗೆಸಿಯೂ ಸೂಜಿಯ ಕಣ್ಣು ಸರಿಯಾಗಿ ಕಾಣದು. ಅದಕ್ಕಿಂತ ದೊಡ್ಡ ತೊಡಕು ಮೊಣಕಾಲಿನದು. ಕೌದಿ ಹೊಲಿಯುವುದೆಂದರೆ ಪಡಸಾಲೆಯ ತುಂಬ ಬಟ್ಟೆ ಹರವಿ, ಸುಕ್ಕು ತೆಗೆದು, ಮೂಲೆಗಳಿಗೆ ಕಲ್ಲು ಹೇರಿ, ಅದರ ಮೇಲೆಯೇ ಕುಳಿತು ಸರಿಯುತ್ತ ದಾರ ಎಳೆಯುವ ಕೆಲಸ. ಮೊದಲೆಲ್ಲ ಗೊಂದಲಿಗರ ಹೆಂಗಸರು ಊರೂರು ತಿರುಗಿ, ಮನೆಯಂಗಳದಲ್ಲಿ ಕುಳಿತು ಹೊಲಿದುಕೊಟ್ಟು, ಕಾಳು ಕಡಿ, ಹಣ ಪಡೆದು ಹೋಗುತ್ತಿದ್ದರು. ಈಗ ಅವರೂ ಆ ಓಣಿಗೆ ಬರುವುದಿಲ್ಲ. “ಹೊಲಿಯಾಕ ಯಾರೂ ಇಲ್ಲಲ್ಲ, ಬ್ಲಾಂಕೆಟ್ ಕೊಡಸ್ರಿ” ಎಂದು ಹುಡುಗಿ ವಾದ ಹೂಡಿದಳು. ಅಜ್ಜಿ ಒಂದೇ ಮಾತು ಹೇಳಿದಳು: “ನೀ ಅದೀಯಲ್ಲ.”

ದಾರಿ ತೋರಿಸಿದವಳು ಬೆಳಗಾವಿಯಲ್ಲಿ ಹೊಲಿಗೆ ಕೆಲಸ ಮಾಡುವ ಚಿಕ್ಕಮ್ಮ. ರಜೆಗೆ ಬಂದಿದ್ದ ಅವಳು, ಇಡೀ ಕೌದಿಯನ್ನು ಒಮ್ಮೆಗೇ ಹರವುವುದು ಬೇಡ, ತುಂಡು ತುಂಡಾಗಿ ಹೊಲಿದು ಮುಗಿಸಿ ಆಮೇಲೆ ಜೋಡಿಸಿದರಾಯಿತು ಎಂದಳು. ಒಂದೊಂದು ತುಂಡೂ ಒಂದು ಪುಟ್ಟ ಕೌದಿಯೇ. ಮೇಲೊಂದು ಬಟ್ಟೆ, ಕೆಳಗೊಂದು ಬಟ್ಟೆ, ನಡುವೆ ಹಳೆಯ ಮೆತ್ತನೆಯ ಪದರಗಳು. ತೊಡೆಯ ಮೇಲಿಟ್ಟುಕೊಂಡು, ಕುರ್ಚಿಯ ಮೇಲೆ ಕುಳಿತೂ ಹೊಲಿಯಬಹುದು. ಹೊಲಿಗೆ ಯಂತ್ರದ ತೋಳಿನ ಕೆಳಗೆ ಹಾಸಿಗೆಯಷ್ಟು ದೊಡ್ಡ ಬಟ್ಟೆ ಹಿಡಿಸುವುದಿಲ್ಲ. ಇಷ್ಟು ಸಣ್ಣ ತುಂಡಾದರೆ ಸುಲಭವಾಗಿ ಹೊರಳುತ್ತದೆ.

ಲೆಕ್ಕ ಹಾಕಿದರು. 15 ಇಂಚಿನ ಚೌಕಗಳು, ಅಡ್ಡಕ್ಕೆ 4, ಉದ್ದಕ್ಕೆ 5, ಒಟ್ಟು 20. ಅಂದರೆ 60 ಇಂಚು ಅಗಲ, 75 ಇಂಚು ಉದ್ದ, ಜೊತೆಗೆ ಜೋಡಿಸುವ ಪಟ್ಟಿಗಳ ಅಗಲ. ಒಂದು ಮಗ್ಗುಲಿಗೆ ಬಣ್ಣಬಣ್ಣದ ಚೂರುಗಳು. ಇನ್ನೊಂದಕ್ಕೆ ತೀರಿಹೋದ ಅಜ್ಜನ ಧೋತರದ ಬಿಳಿ. ಯಾವ ಮಗ್ಗುಲನ್ನು ಮೇಲೆ ಹಾಕಿದರೂ ಚೆಂದ ಕಾಣಬೇಕು. ಬಟ್ಟೆಯನ್ನೆಲ್ಲ ಮೊದಲು ನೀರಿನಲ್ಲಿ ನೆನೆಸಿ, ಬಣ್ಣ ಬಿಡುವುದನ್ನು ಬಿಡಿಸಿ, ಒಣಗಿಸಿಕೊಂಡರು. ಕುಗ್ಗುವುದಿದ್ದರೆ ಹೊಲಿಯುವ ಮೊದಲೇ ಕುಗ್ಗಲಿ ಎಂಬ ಯುಕ್ತಿ ಅದು.

ಮೊದಲ ಚೌಕಕ್ಕೆ ಹುಡುಗಿ ಒಂದು ಮಧ್ಯಾಹ್ನ ಕಳೆದಳು. ಮೇಲಿನಿಂದ ನೋಡಿದರೆ ಹೊಲಿಗೆ ಸಾಲು ಹಿಡಿದಿತ್ತು. ಅಜ್ಜಿಗೆ ತಂದು ತೋರಿಸಿದಳು. ಅಜ್ಜಿ ಅದನ್ನು ನೋಡಲೇ ಇಲ್ಲ. ಮಗುಚಿ, ಹಿಂದಿನ ಮಗ್ಗುಲಿನ ಮೇಲೆ ಮೆಲ್ಲಗೆ ಬೆರಳಾಡಿಸಿದಳು. “ಇಲ್ಲೊಂದು ಗಂಟ ಐತಿ. ಇಲ್ಲಿ ದಾರ ಸಡಲ ಐತಿ. ಇಲ್ಲಿ ಕೆಳಗಿನ ಅರಿವಿಗೆ ಸೂಜಿ ಹತ್ತೇ ಇಲ್ಲ.” ಮೂರೂ ನಿಜವಾಗಿತ್ತು. “ಹಿಂದಿನ ಮಗ್ಗಲಾ ಯಾರ ನೋಡ್ತಾರ ಬಿಡಬೇ” ಎಂದು ಹುಡುಗಿ ಗೊಣಗಿದಳು. “ಈ ಕೌದಿಗೆ ಹಿಂದಿನ ಮಗ್ಗಲಾ ಅನ್ನೂದ ಇಲ್ಲವಾ. ಬಿಚ್ಚು” ಎಂದಳು ಅಜ್ಜಿ.

ಕೌದಿಯ ಹೊಲಿಗೆ ಸಾದಾ ಓಟದ ಹೊಲಿಗೆ. ಸೂಜಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಮೇಲೆ ದಾರ ಕಂಡ ಕಡೆ ಕೆಳಗೆ ಖಾಲಿ, ಮೇಲೆ ಖಾಲಿ ಇದ್ದ ಕಡೆ ಕೆಳಗೆ ದಾರ. ಎರಡರ ಅಳತೆಯೂ ಸಮನಾಗಿದ್ದರೆ ಎರಡೂ ಮಗ್ಗುಲು ಒಂದೇ ತೆರನಾಗಿ ಕಾಣುತ್ತವೆ. ಸೂಜಿಯನ್ನು ಓರೆಯಾಗಿ ಚುಚ್ಚಿದರೆ ಮೇಲೆ ಉದ್ದ, ಕೆಳಗೆ ಗಿಡ್ಡ. ಯಂತ್ರದ ಹೊಲಿಗೆಯ ಕ್ರಮ ಬೇರೆ. ಅಲ್ಲಿ ದಾರ ಎರಡು: ಒಂದು ಸೂಜಿಯದು, ಇನ್ನೊಂದು ಕೆಳಗಿನ ಬಾಬಿನ್ನಿನದು. ಎರಡೂ ಬಟ್ಟೆಯ ಒಳಗೆ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳಬೇಕು. ಮೇಲಿನ ದಾರದ ಬಿಗಿ ಕಡಿಮೆಯಾದರೆ ಮೇಲೆ ಎಲ್ಲ ಸರಿಯಾಗಿ ಕಂಡು, ಕೆಳಗೆ ಕುಣಿಕೆಗಳು ಜೋಲುತ್ತವೆ. ಕೈಯಾಗಲಿ, ಯಂತ್ರವಾಗಲಿ, ತಪ್ಪು ಮೊದಲು ಹೇಳಿಕೊಳ್ಳುವುದು ಕೆಳಮಗ್ಗುಲಿನಲ್ಲಿ.

ನಾಲ್ಕನೆಯ ಚೌಕದ ಹೊತ್ತಿಗೆ ಕೈ ಪಳಗಿತು. ಹತ್ತನೆಯದರ ಹೊತ್ತಿಗೆ ಅಜ್ಜಿಯ ಬೆರಳು ಎಲ್ಲಿಯೂ ನಿಲ್ಲದೆ ಸಾಗಿತು. ಪೆಟ್ಟು ಬಿದ್ದದ್ದು ಜೋಡಣೆಯ ಘಟ್ಟದಲ್ಲಿ.

ಪೂರ್ತಿ ಹೊಲಿದು ಮುಗಿದ ಎರಡು ಚೌಕಗಳನ್ನು ಎರಡೂ ಕಡೆ ಅಂದವಾಗಿ ಕೂಡಿಸಲು ಪಟ್ಟಿಗಳು ಬೇಕು. ಮುಂದಿನದು ಒಂಟಿ ಪಟ್ಟಿ. ಹಿಂದಿನದು ಉದ್ದಕ್ಕೆ ಮಡಚಿದ ಜೋಡಿ ಪಟ್ಟಿ. ಮೊದಲ ಚೌಕದ ಅಂಚಿಗೆ ಮುಂದಿನ ಪಟ್ಟಿಯನ್ನು ಮೇಲೆ, ಮಡಚಿದ ಪಟ್ಟಿಯನ್ನು ಕೆಳಗೆ ಇಟ್ಟು ಒಟ್ಟಿಗೇ ಹೊಲಿಯಬೇಕು. ಮುಂದಿನ ಪಟ್ಟಿಯ ಇನ್ನೊಂದು ಅಂಚನ್ನು ಎರಡನೆಯ ಚೌಕದ ಮುಂಬದಿಗೆ ಹೊಲಿಯಬೇಕು. ಬಿಡಿಸಿ ಹರವಿದಾಗ ಎರಡು ಚೌಕಗಳ ಅಂಚುಗಳು ಪಟ್ಟಿಯ ಅಡಿಯಲ್ಲಿ ಎದುರುಬದುರಾಗಿ ಬಂದು ಮಲಗುತ್ತವೆ. ಆಮೇಲೆ ಮಗುಚಿ, ಮಡಚಿದ ಪಟ್ಟಿಯನ್ನು ಸಂದಿನ ಮೇಲೆ ಹೊರಳಿಸಿ, ಅದರ ಮಡಿಕೆಯನ್ನು ಎರಡನೆಯ ಚೌಕಕ್ಕೆ ಕೈಯಿಂದ ಹೊಲಿದರೆ ಸಂದು ಎರಡೂ ಕಡೆ ಮುಚ್ಚಿಹೋಗುತ್ತದೆ.

ಸಾಲಿನೊಳಗಿನ 15 ಸಂದುಗಳ ಮುಂಬದಿಗೆ ಇಳಕಲ್ ಸೀರೆಯ ಅಂಚು ಹಾಕಬೇಕೆಂದು ಅಜ್ಜಿ ಬಯಸಿದ್ದಳು. ಅವಳ ಮದುವೆಯ ಸೀರೆ ಅದು, ಮೂಡಲಗಿ ಕಡೆಯ ತವರಿನವರು ಉಡಿಸಿದ್ದು. ಸೀರೆ ಸವೆದು ಹೋಗಿ ಕೆಂಪು ಅಂಚು ಮಾತ್ರ ಮೂರು ಮೊಳ ಉಳಿದಿತ್ತು. 54 ಇಂಚು ಉದ್ದ, 4 ಇಂಚು ಅಗಲ. ಜೋಡಣೆಯಾದ ಮೇಲೆ ಪಟ್ಟಿ 5/8 ಇಂಚು ಅಗಲ ಕಾಣಬೇಕೆಂದು ಚಿಕ್ಕಮ್ಮ ಹೇಳಿ ಹೋಗಿದ್ದಳು. ಹುಡುಗಿ ಲೆಕ್ಕ ಮಾಡಿದಳು. ಅಂಚನ್ನು ಮೂರು ತುಂಡು ಮಾಡಿದರೆ ಒಂದೊಂದು 18 ಇಂಚು. ಒಂದು ತುಂಡಿನ ಅಗಲದಲ್ಲಿ 5/8 ಇಂಚಿನ ಪಟ್ಟಿಗಳು ಆರು. ಒಟ್ಟು 18. ಬೇಕಾದದ್ದು 15. ಮೂರು ಮಿಗುತ್ತವೆ! ಖುಷಿಯಲ್ಲಿ ಕತ್ತರಿ ಹಿಡಿದು ಅಷ್ಟನ್ನೂ ಸರಸರನೆ ಕತ್ತರಿಸಿಬಿಟ್ಟಳು.

ಮೊದಲ ಪಟ್ಟಿ ಹೊಲಿದಾಗ ಎದೆ ಧಸಕ್ಕೆಂದಿತು. ಪ್ರತಿ ಅಂಚಿನಲ್ಲೂ ಹೊಲಿಗೆಯ ಒಳಗೆ 1/4 ಇಂಚು ಹೋಗುತ್ತದೆ. ಎರಡು ಕಡೆ ಸೇರಿ 1/2 ಇಂಚು ಮಾಯ. ಉಳಿದದ್ದು 1/8 ಇಂಚು, ಒಂದು ಗೆರೆಯಷ್ಟು. ಚೌಕಗಳ ಅಂಚು ಮಲಗಲು ಜಾಗವಿಲ್ಲದೆ ಸಂದು ದಿಬ್ಬದಂತೆ ಎದ್ದು ನಿಂತಿತು. ಕತ್ತರಿಸಬೇಕಾಗಿದ್ದ ಅಗಲ 5/8 ಅಲ್ಲ. ಅದಕ್ಕೆ 1/2 ಕೂಡಿಸಿ 1 1/8 ಇಂಚು. ಆ ಲೆಕ್ಕದಲ್ಲಿ ಇದ್ದ ಅಂಚಿನಲ್ಲಿ ಒಂಬತ್ತೇ ಪಟ್ಟಿ ಬರುತ್ತಿದ್ದವು ಎಂಬುದೂ ಆಗಲೇ ಹೊಳೆದದ್ದು. ಭಿನ್ನರಾಶಿಯಲ್ಲಿ ಪೂರ್ಣ ಅಂಕ ತೆಗೆದ ಹುಡುಗಿ ಅವಳು. ಆದರೆ ಪುಸ್ತಕದ ಭಿನ್ನರಾಶಿ ತಪ್ಪಿದರೆ ರಬ್ಬರಿನಿಂದ ಅಳಿಸಬಹುದು. ಕತ್ತರಿಸಿದ ಸೀರೆಯನ್ನು ಕೂಡಿಸಲಾಗದು.

ಅವಳು ಎರಡು ದಿನ ಅದನ್ನು ಯಾರಿಗೂ ಹೇಳಲಿಲ್ಲ. ಪಟ್ಟಿಗಳನ್ನು ದಪ್ಪನೆಯ ಪುಸ್ತಕವೊಂದರಲ್ಲಿ ಬಚ್ಚಿಟ್ಟಳು. ಮೂರನೆಯ ದಿನ ಅಜ್ಜಿಯೇ ಕೇಳಿದಳು, “ಯಾಕವಾ, ಸೂಜಿ ಸಪ್ಪಳನ ಇಲ್ಲ?” ಹುಡುಗಿ ಅಳುತ್ತ ಪಟ್ಟಿಗಳನ್ನು ಅವಳ ಉಡಿಗೆ ಹಾಕಿದಳು.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಳು. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಆಮೇಲೆ ಒಂದು ಪಟ್ಟಿಯನ್ನು ಬೆರಳಿನಲ್ಲಿ ಹಿಡಿದು ಎರಡೂ ಅಂಚು ಒಂದಿಷ್ಟೇ ಮಡಚಿದಳು. ಲಾಡಿಯಂತಾಯಿತು. “ಧೋತರದ ಪಟ್ಟಿ ಸರಿಯಾಗಿ ಕತ್ತರ್ಸು. ಅದರ ಮ್ಯಾಲ ಇದನ್ನ ಕೂಡಸು.” ಹುಡುಗಿ ಕಣ್ಣೊರೆಸಿಕೊಂಡು ಅಳೆದಳು. ಎರಡು ಕಡೆ 1/8ರಂತೆ ಮಡಚಿದರೆ ಕೆಂಪು ಲಾಡಿ 3/8 ಇಂಚು. ಕಾಣುವ ಬಿಳಿ ಪಟ್ಟಿ 5/8 ಇಂಚು. ಅಂದರೆ ಕೆಂಪಿನ ಎರಡೂ ಬದಿಗೆ 1/8 ಇಂಚಿನಂತೆ ಬಿಳಿ ಗೆರೆ. ಜೋಡಣೆಗೆ ಮೊದಲೇ ಪಟ್ಟಿಗೆ ಲಾಡಿ ಹೊಲಿದುಕೊಂಡರೆ ಆ ಹೊಲಿಗೆ ಹಿಂದಿನ ಮಗ್ಗುಲಿಗೆ ತಾಕುವುದೂ ಇಲ್ಲ. ಕೆಲಸವೇನೋ ಹೆಚ್ಚಿತು, 15 ಪಟ್ಟಿಗೆ 30 ಸಾಲು ಹೊಲಿಗೆ, ಒಂದು ವಾರ ತಡ. ಆದರೆ ಅಂಚು ಉಳಿಯಿತು.

ಹೀಗೆ ತುಂಡಾಗಿ ಹೊಲಿದು ಕೂಡಿಸುವ ಉಪಾಯವನ್ನು ಬೇರೆ ಬೇರೆ ನಾಡಿನ ಹೆಂಗಸರು ತಮ್ಮ ತಮ್ಮ ತೊಡಕಿಗೆ ತಕ್ಕಂತೆ ಕಂಡುಕೊಂಡಿದ್ದಾರೆ. 1861ರಿಂದ 1865ರ ವರೆಗೆ ನಡೆದ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಅಲ್ಲಿನ ಹೆಂಗಸರು ಸೈನಿಕರಿಗಾಗಿ ಕೌದಿ ಹೊಲಿಯುವಾಗ ಒಬ್ಬೊಬ್ಬರು ಒಂದೊಂದು ಚೌಕವನ್ನು ಅಂಚು ಕಟ್ಟಿ ಮುಗಿಸಿ, ಕಡೆಗೆ ಎಲ್ಲವನ್ನೂ ಕೂಡಿಸುವುದಿತ್ತು. 1970ರ ದಶಕದ ಕೊನೆಗೆ ಜಾರ್ಜಿಯಾ ಬೋನ್‌ಸ್ಟೀಲ್ ಎಂಬಾಕೆ ಅಲ್ಲಿನ ಟೆಲಿವಿಷನ್ನಿನಲ್ಲಿ ‘ತೊಡೆಯ ಮೇಲಿನ ಕೌದಿ’ಯ ಪಾಠ ಆರಂಭಿಸಿ ಈ ಕ್ರಮವನ್ನು ಮನೆಮಾತು ಮಾಡಿದರು. ಇತ್ತ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ‘ಕವಂದಿ’ಯ ದಾರಿ ಮತ್ತೊಂದು. ಅವರು ಚೂರುಗಳನ್ನು ಮೊದಲು ಕೂಡಿಸಿಕೊಳ್ಳುವುದಿಲ್ಲ. ಅಂಚಿನ ಮೂಲೆಯಿಂದ ಆರಂಭಿಸಿ, ಒಂದೊಂದೇ ಚೂರನ್ನು ನೇರವಾಗಿ ಕೆಳಬಟ್ಟೆಗೆ ಹೊಲಿಯುತ್ತ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ತೇಪೆ ಹಾಕುವುದೂ ಕೌದಿ ಹೊಲಿಯುವುದೂ ಒಂದೇ ಓಟದಲ್ಲಿ ಮುಗಿಯುತ್ತದೆ.

ಇಷ್ಟು ಪದರ, ಇಷ್ಟು ಹೊಲಿಗೆ ಏತಕ್ಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಕೌದಿ ತಾನಾಗಿ ಬಿಸಿ ಕೊಡುವುದಿಲ್ಲ. ಮೈಯ ಬಿಸಿ ಹೊರಗೆ ಹೋಗದಂತೆ ತಡೆಯುತ್ತದೆ. ತಡೆಯುವುದು ಬಟ್ಟೆಗಿಂತ ಹೆಚ್ಚಾಗಿ ಪದರಗಳ ನಡುವೆ ಸಿಕ್ಕಿ ನಿಂತ ಗಾಳಿ. ಗಾಳಿ ಶಾಖದ ಒಳ್ಳೆಯ ಅವಾಹಕ. ಹೊಲಿಗೆ ಪದರಗಳನ್ನು ಜಾರದಂತೆ ಹಿಡಿದಿಡುತ್ತದೆ. ಆದರೆ ತೀರ ಒತ್ತೊತ್ತಾಗಿ ಬಿಗಿದು ಹೊಲಿದರೆ ಗಾಳಿಗೆ ಜಾಗವಿರದು. ನೀರು ಶಾಖವನ್ನು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಸುಲಭವಾಗಿ ಸಾಗಿಸುತ್ತದೆ. ಆದ್ದರಿಂದಲೇ ಒದ್ದೆ ಕೌದಿ ಬೆಚ್ಚಗಿಡಲಾರದು, ಅಜ್ಜಿಯಂದಿರು ಬಿಸಿಲು ಕಂಡೊಡನೆ ಕೌದಿ ಹರವುವುದೂ ಅದಕ್ಕೇ. ಮನೆಯಲ್ಲಿ ಪರೀಕ್ಷಿಸಬಹುದು. ಒಂದೇ ಅಳತೆಯ ಮೂರು ಲೋಟಗಳಿಗೆ ಸಮನಾಗಿ ಬಿಸಿನೀರು ಹಾಕಿ, ತಟ್ಟೆ ಮುಚ್ಚಿ. ಒಂದನ್ನು ಹಾಗೇ ಬಿಡಿ, ಒಂದಕ್ಕೆ ನಾಲ್ಕು ಪದರ ಒಣಬಟ್ಟೆ, ಒಂದಕ್ಕೆ ನಾಲ್ಕು ಪದರ ಒದ್ದೆಬಟ್ಟೆ ಸುತ್ತಿ. 20 ನಿಮಿಷ ಬಿಟ್ಟು ಉಷ್ಣತಾಮಾಪಕ ಅದ್ದಿ ನೋಡಿ. ಬಿಸಿನೀರು ಸುರಿಯುವಾಗ ಹಿರಿಯರು ಹತ್ತಿರವಿರಲಿ.

ಕೌದಿ ಮುಗಿದದ್ದು ಕಾಲೇಜು ಆರಂಭಕ್ಕೆ ಮೂರು ದಿನ ಮೊದಲು. ಇಪ್ಪತ್ತರಲ್ಲಿ ಒಂದು ಚೌಕವನ್ನು ಅಜ್ಜಿ ಹಟ ಹಿಡಿದು ತಾನೇ ಹೊಲಿದಿದ್ದಳು, ಸೂಜಿಗೆ ದಾರ ಪೋಣಿಸಿಕೊಟ್ಟದ್ದು ಮಾತ್ರ ಮೊಮ್ಮಗಳು. ಅದರ ಸಾಲುಗಳು ಸೊಟ್ಟಗಿದ್ದವು, ಹೊಲಿಗೆಗಳು ಉದ್ದುದ್ದ. ಜೋಡಿಸುವಾಗ ಹುಡುಗಿ ಅದನ್ನು ಬಿಚ್ಚಿ ಸರಿಮಾಡಲಿಲ್ಲ. ನಡುವಿನ ಸಾಲಿನಲ್ಲಿ ಇಟ್ಟು ಹೊಲಿದಳು.

ಮಕ್ಕಳ ಅಂಕಪಟ್ಟಿಯನ್ನು ಎಲ್ಲ ಪಾಲಕರೂ ನೋಡುತ್ತಾರೆ. ಅದು ಮುಂದಿನ ಮಗ್ಗುಲು. ತಪ್ಪು ಮಾಡಿದ ಮಗು ಅದನ್ನು ಪುಸ್ತಕದಲ್ಲಿ ಬಚ್ಚಿಡುತ್ತದೆಯೋ, ತಂದು ಉಡಿಗೆ ಹಾಕುತ್ತದೆಯೋ ಎಂಬುದು ಇನ್ನೊಂದು ಮಗ್ಗುಲು. ಅದನ್ನು ತಿಳಿಯಲು ಬೈಗುಳಕ್ಕಿಂತ ಅಜ್ಜಿಯ ಬೆರಳಿನ ತಾಳ್ಮೆ ಬೇಕು. ಅಂದು ಅಜ್ಜಿ ಗದರಿದ್ದರೆ ಆ ಹದಿನೆಂಟು ಪಟ್ಟಿಗಳು ಪುಸ್ತಕದಲ್ಲೇ ಉಳಿಯುತ್ತಿದ್ದವು.

ಹಾಸ್ಟೆಲಿನ ಮೊದಲ ರಾತ್ರಿ ಬೆಳಗಾವಿಯಲ್ಲಿ ಜಡಿಮಳೆ. ಹುಡುಗಿ ಬಿಳಿಯ ಮಗ್ಗುಲನ್ನು ಮೇಲೆ ಮಾಡಿ ಹೊದ್ದುಕೊಂಡಳು, ತೇಪೆ ಯಾರಿಗೂ ಕಾಣದಿರಲೆಂದು. ವಾರ ಕಳೆದು ಬಿಸಿಲು ಬಿದ್ದಾಗ ಕೌದಿಯನ್ನು ಮಾಳಿಗೆಗೆ ಒಯ್ದು ಒಣಹಾಕಿದಳು. ಸಂಜೆ ಮಡಚಿ ತಂದು ಮಂಚದ ಮೇಲೆ ಹರವುವಾಗ ಬಣ್ಣದ ಮಗ್ಗುಲು ಮೇಲೆ ಬಂತು. ಹಾಗೆಯೇ ಬಿಟ್ಟಳು.