ಮುಸುಕಿಲ್ಲದ ಮಾತು

ಲಾಭದ ಆಸೆಯಿಲ್ಲದೆ, ಕೇವಲ ವಿದ್ಯೆಯ ಮೇಲಣ ಪ್ರೀತಿಯಿಂದ ಮನೆಯಲ್ಲಿಯೇ ನಿಸ್ತಂತು ಯಂತ್ರವನ್ನಿಟ್ಟುಕೊಂಡು ದೇಶಾಂತರದವರೊಡನೆ ಸಂಭಾಷಿಸುವವರನ್ನು ಹವ್ಯಾಸಿ ರೇಡಿಯೋದವರೆಂದೂ ‘ಹ್ಯಾಮ್’ಗಳೆಂದೂ ಕರೆಯುವರು. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸರ್ಕಾರದ ಲೈಸೆನ್ಸು ಪಡೆದವರಿಗೆ ಮಾತ್ರ ಈ ಅಧಿಕಾರವುಂಟು. ಇಂಥವನಾದ ನಮ್ಮ ಹಳೆಯ ಶಿಷ್ಯನೊಬ್ಬನು ಒಮ್ಮೆ, “ಮೇಷ್ಟ್ರೇ, ಮೊಬೈಲು ಸಹ ಮಾತನ್ನು ಗೂಢಲಿಪಿಯಲ್ಲಿ ಮುಚ್ಚಿ ಕಳುಹಿಸುವ ಕಾಲವಿದು. ನಮಗೆ ಮಾತ್ರ ಮುಚ್ಚಬಾರದೆಂಬ ಕಟ್ಟಳೆಯೇಕೆ? ನೆರೆ ಬಂದ ಊರಿನಿಂದ ರೋಗಿಯೊಬ್ಬನ ಸಮಾಚಾರ ಕಳುಹಿಸಬೇಕಾದರೆ ಅವನ ಕಾಯಿಲೆ ಜಗತ್ತಿಗೆಲ್ಲ ತಿಳಿಯಬೇಕೆ?” ಎಂದು ಕೇಳಿದನು. ಪ್ರಶ್ನೆಯು ಹಗುರವಾದುದಲ್ಲ.

ಮೊದಲು ಕಟ್ಟಳೆಯ ಸ್ವರೂಪವನ್ನು ನೋಡೋಣ. 2003ರಲ್ಲಿ ಜಿನೀವಾದಲ್ಲಿ ನೆರೆದ ಜಾಗತಿಕ ರೇಡಿಯೋ ಸಮ್ಮೇಳನವು ತಿದ್ದಿದ ನಿಯಮದಂತೆ, ಬೇರೆ ಬೇರೆ ದೇಶಗಳ ಹವ್ಯಾಸಿಗಳು ಅರ್ಥವನ್ನು ಮರೆಮಾಡುವ ಉದ್ದೇಶದಿಂದ ಸಂದೇಶವನ್ನು ಸಂಕೇತಕ್ಕೆ ತಿರುಗಿಸಕೂಡದು. ಹವ್ಯಾಸಿ ಉಪಗ್ರಹಗಳ ನಿಯಂತ್ರಣಾಜ್ಞೆಗಳಿಗೆ ಮಾತ್ರ ವಿನಾಯಿತಿ. ನಮ್ಮ ದೇಶದ 1978ರ ನಿಯಮಗಳೂ ಸರಳಭಾಷೆಯನ್ನೇ ವಿಧಿಸಿದವು.

ಹಾಗಾದರೆ ಮೋರ್ಸ್ ಸಂಕೇತದ ಗತಿಯೇನು? ಇಲ್ಲಿ ‘ಉದ್ದೇಶ’ವೆಂಬ ಪದವೇ ಜೀವಾಳ. ಪಾಣಿನಿಯು ಸ್ವರಗಳನ್ನೆಲ್ಲ ‘ಅಚ್’ ಎಂದೂ ವ್ಯಂಜನಗಳನ್ನೆಲ್ಲ ‘ಹಲ್’ ಎಂದೂ ಅಡಕಗೊಳಿಸಿದುದು ಲಾಘವಕ್ಕಾಗಿಯೇ ಹೊರತು ಮರೆಗಾಗಿ ಅಲ್ಲ. ಕಲಿತವರಿಗೆಲ್ಲ ಅದು ತಿಳಿಯುವುದು. ಮೋರ್ಸಿನ ಚುಕ್ಕೆಗೆರೆಗಳೂ, ‘ಇರುವ ಸ್ಥಳ’ವೆಂಬರ್ಥದ ‘ಕ್ಯೂ ಟಿ ಎಚ್’ ಮೊದಲಾದ ಮೂರಕ್ಷರದ ಗುರುತುಗಳೂ ಈ ಜಾತಿಯವು. ವಾತ್ಸ್ಯಾಯನನು 64 ಕಲೆಗಳಲ್ಲಿ ಎಣಿಸಿದ ಮ್ಲೇಚ್ಛಿತವಿಕಲ್ಪವಾದರೋ ಬಲ್ಲವರ ಹೊರತು ಅನ್ಯರಿಗೆ ತಿಳಿಯದಿರಲೆಂದೇ ಹುಟ್ಟಿದ ವಿದ್ಯೆ. ಕಟ್ಟಳೆಯು ತಡೆಯುವುದು ಇದನ್ನು.

ತಡೆಯುವುದೇಕೆ? ಹವ್ಯಾಸಿಗಳಿಗೆ ಬಿಟ್ಟ ತರಂಗಗಳು ಊರ ಕೆರೆಯಂತೆ. ಯಾರೊಬ್ಬರ ಸ್ವತ್ತೂ ಅಲ್ಲ. ಕೆರೆಯನ್ನು ಊರವರ ಕಣ್ಣೇ ಕಾಯುವಂತೆ, ಒಬ್ಬರ ಮಾತನ್ನು ಮತ್ತೊಬ್ಬರು ಕೇಳುತ್ತಿರುವುದರಿಂದಲೇ ವ್ಯಾಪಾರಿಯೂ ವಂಚಕನೂ ಅಲ್ಲಿಗೆ ನುಗ್ಗಲು ಅಂಜುವರು. ಮೇಲಾಗಿ, ಆಪತ್ತಿನ ಕೂಗು ತೆರೆದಿದ್ದರೆ ಕೇಳಿದವರಾರಾದರೂ ಓಗೊಡಬಹುದು. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ, ಪೋರ್ಟ್ ಬ್ಲೇರ್‌ನಲ್ಲಿದ್ದ ಹವ್ಯಾಸಿಗಳು ಅಂಡಮಾನಿನವರ ಕ್ಷೇಮಸಮಾಚಾರವನ್ನು ಭಾರತದ ಮುಖ್ಯ ಭೂಭಾಗಕ್ಕೆ ಮುಟ್ಟಿಸಿದರು.

ರೋಗಿಗಳ ವಿಷಯ ಗೋಪ್ಯವಾಗಿರಲೆಂದು ತುರ್ತುಕಾಲದಲ್ಲಿ ಗೂಢಲಿಪಿಗೆ ಅನುಮತಿ ಬೇಡಿದ ಅರ್ಜಿಯೊಂದನ್ನು ಅಮೆರಿಕದ ಸಂಪರ್ಕ ಆಯೋಗವು 2013ರಲ್ಲಿ ತಿರಸ್ಕರಿಸಿತು. ಇದು ಸರಿಯೆಂದೇ ನಮ್ಮ ಅಭಿಪ್ರಾಯ. ಆಡದಿರುವುದು ಬೇರೆ, ಆಡಿ ಮರೆಮಾಡುವುದು ಬೇರೆ. ಬೇಕಾದ ಔಷಧವನ್ನೂ ಸ್ಥಳವನ್ನೂ ತಿಳಿಸಿ ರೋಗಿಯ ಹೆಸರನ್ನು ಬಿಟ್ಟರೆ ನಿಯಮವೂ ಉಳಿಯುವುದು, ಮಾನವೂ ಉಳಿಯುವುದು. ಹೆಸರಿಲ್ಲದೆ ಕಾರ್ಯವಾಗದ ಸಂದರ್ಭವೂ ಬಂದೀತು. ಆಗ ಪ್ರಾಣವೇ ಮೊದಲು, ಸಂಕೋಚವು ಆಮೇಲೆ. ಈ ನಷ್ಟವಿಲ್ಲವೆಂದು ನಾವು ಹೇಳಲಾರೆವು.

ವಾಚಕರ ಮನೆಯಲ್ಲಿ ಈ ಹವ್ಯಾಸಕ್ಕೆ ಕೈಯಿಟ್ಟ ಮಕ್ಕಳಿದ್ದರೆ ತಡೆಯದಿರಲಿ. ಎಲ್ಲರೂ ಕೇಳುವರೆಂದು ಅರಿತು ಮಾತನ್ನು ತೂಗಿ ಆಡುವ ಅಭ್ಯಾಸವು ಯಂತ್ರವಿದ್ಯೆಗಿಂತ ಕಡಿಮೆಯಾದ ಶಿಕ್ಷಣವೇನಲ್ಲ.